ದುಡ್ಡು ಕಟ್ಟಿದ ಹೊಂದಾಣಿಕೆ

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಗೂ ಬೇಕರಿಗೂ ನಡುವೆ ಸಂದಿಯಂಥ ಒಂದು ಮಳಿಗೆ. ಮೂರು ಜನ ಒಳಗೆ ನಿಂತರೆ ನಾಲ್ಕನೆಯವರು ಬಿಸಿಲಿನಲ್ಲೇ ಕಾಯಬೇಕು. ಅಲ್ಲಿ ನಾನು ಹದಿನಾರು ವರ್ಷ ಜೆರಾಕ್ಸ್ ತೆಗೆದೆ. ಪಹಣಿ, ಆಧಾರ್ ಕಾರ್ಡು, ಅಂಕಪಟ್ಟಿ ಇವನ್ನೆಲ್ಲ ಓದದೆಯೇ ಯಂತ್ರಕ್ಕೆ ಕೊಡುತ್ತಿದ್ದೆ. ಮದುವೆಯ ಬಯೋಡೇಟಾ ಬಂದರೆ ಮಾತ್ರ ಕಣ್ಣು ತಾನೇ ಓದಿಬಿಡುತ್ತಿತ್ತು. ಎತ್ತರ, ನಕ್ಷತ್ರ, ಎಕರೆ, ಸೋದರಮಾವ ಯಾವ ಊರು, ಅಣ್ಣ ಏನು ಮಾಡುತ್ತಾನೆ. ಬಣ್ಣದ ಕಡೆ ಎಲ್ಲರೂ ಗೋಧಿ ಬಣ್ಣ. ಬಯೋಡೇಟಾಗಳನ್ನು ನಂಬುವುದಾದರೆ ನಮ್ಮ ಐದು ತಾಲೂಕುಗಳ ಬಿಸಿಲಿನಲ್ಲಿ ಕಪ್ಪಗಾದವರು ಒಬ್ಬರೂ ಇಲ್ಲ.

ಒಂದು ದಿನ ಹಡಗಲಿ ಕಡೆಯ ಯಜಮಾನರೊಬ್ಬರು ಮಗನ ಬಯೋಡೇಟಾ ಹತ್ತು ಪ್ರತಿ ಮಾಡಿಸಲು ಬಂದರು. ಹಿಂದಿನ ದಿನವಷ್ಟೇ ಕೊಟ್ಟೂರಿನ ಒಂದು ಹುಡುಗಿಯದು ನನ್ನ ಕೈ ದಾಟಿ ಹೋಗಿತ್ತು. ಬಾಯಿ ತಡೆಯಲಿಲ್ಲ. "ಕಾಕಾ, ಹತ್ತು ಯಾಕ, ಒಂದೇ ಸಾಕು, ಕೊಟ್ಟೂರಿಗೆ ಹೋಗಿ ಬರ್ರಿ" ಅಂದೆ. ಅವರು ಹೋಗಿ ಬಂದರು, ಮದುವೆಯೂ ಆಯಿತು. ಅಲ್ಲಿಂದ ಜನ ಜೆರಾಕ್ಸ್ ಮಾಡಿಸಿಕೊಂಡು ಹೋಗದೆ, ಒಂದು ಪ್ರತಿ ನನ್ನ ಬಳಿಯೇ ಇಟ್ಟು ಹೋಗತೊಡಗಿದರು.

ಇದು ನನಗೆ ಹೊಸದೇನಲ್ಲ. ತಾಯಿಯ ತಾಯಿ ಇದೇ ಕೆಲಸ ಮಾಡಿದವಳು, ಕಾಲ್ನಡಿಗೆಯಲ್ಲಿ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಮನೆಯಲ್ಲಿ ಎಷ್ಟು ಹೆಣ್ಣು, ಎಷ್ಟು ಗಂಡು ಎಂಬುದು ಅವಳ ತಲೆಯಲ್ಲಿತ್ತು. ಚಿಕ್ಕವಳಿದ್ದಾಗ ಅವಳ ಸೆರಗು ಹಿಡಿದು ಅಲೆದೆ. ಮಾತು ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅಲ್ಲಿಯೇ ಕಲಿತದ್ದು. "ಮನಿ ಹೊಕ್ಕ ಕೂಡ್ಲೇ ಹೆಣ್ಣಿನ ಮಾತು ತೆಗೀಬಾರದು. ಮೊದಲು ಮಳಿ ಕೇಳು. ಆಮ್ಯಾಲೆ ಎಮ್ಮಿ ಕೇಳು. ಆಮ್ಯಾಲೆ ಮಂದಿ ಕೇಳು. ಅಷ್ಟೊತ್ತಿಗೆ ಅವರೇ ಹೆಣ್ಣಿನ ಮಾತು ತೆಗೀತಾರ" ಎನ್ನುತ್ತಿದ್ದಳು. ಅವಳಿಗೆ ಸಿಗುತ್ತಿದ್ದದ್ದು ಮದುವೆಯ ದಿನ ಒಂದು ಸೀರೆ, ಒಂದು ಊಟ. ಮದುವೆ ಆಗದಿದ್ದರೆ ಸೀರೆಯೂ ಇಲ್ಲ. ಅಂದರೆ ಕೆಲಸ ಮುಗಿಸುವುದರಲ್ಲೇ ಅವಳ ಲಾಭವಿತ್ತು. ಇದರ ಬೆಲೆ ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಬೇಕರಿಯ ಆಚೆ ಬದಿಯ ಮಳಿಗೆಯಲ್ಲಿ ಕಂಪ್ಯೂಟರ್ ಟೈಪಿಂಗ್ ಇಟ್ಟಿದ್ದವನು ನನ್ನ ಚಿಕ್ಕಮ್ಮನ ಮಗ, ಹರಪನಹಳ್ಳಿಯವನು, ನಲವತ್ತು ದಾಟಿದ ಸಂಸಾರಸ್ಥ. ನನ್ನ ಕಪಾಟಿನ ತುಂಬ ಬಯೋಡೇಟಾ ಪೇರಿಸಿಟ್ಟದ್ದನ್ನು ನೋಡಿ ಅವನೇ ಹೇಳಿದ: "ಅಕ್ಕ, ನಿನ್ನ ತಲೇಲಿರೋದನ್ನೆಲ್ಲ ಫೋನಿಗೆ ಹಾಕಾನ. ಆ್ಯಪ್ ಮಾಡಾನ." ದಾವಣಗೆರೆಯ ಒಬ್ಬ ಪರಿಚಯದವರ ಹತ್ತಿರ ಕೂತು ಅರ್ಧ ಕಲಿತ, ಅರ್ಧ ಅವರಿಂದ ಮಾಡಿಸಿದ. ಐದು ತಾಲೂಕಿಗೆ ಒಂದೇ ಮದುವೆ ಆ್ಯಪ್. ಜಾತಿಯ ಕಾಲಂ ಬೇಡ ಎಂದು ನಾನು ಒಂದು ವಾರ ಹಟ ಹಿಡಿದೆ. "ಅದಿಲ್ದಿದ್ರೆ ನಮ್ಮೂರಲ್ಲಿ ಯಾರೂ ತೆಗೆಯಲ್ಲಕ್ಕ, ನೀನು ತೆಗೀತೀಯಾ ಹೇಳು" ಎಂದ. ಆ ಕಾಲಂ ಇಂದಿಗೂ ಇದೆ. ಹೆಮ್ಮೆಯಿಂದ ಹೇಳುವ ಮಾತಲ್ಲ.

ಏರ್ಪಾಡು ಸರಳವಾಗಿತ್ತು. ಹೆಸರು ಹಾಕುವುದು, ಫೋಟೋ ನೋಡುವುದು ಪುಕ್ಕಟೆ. ಇಷ್ಟವಾದರೆ 'ಒಪ್ಪಿಗೆ' ಎಂಬ ಗುಂಡಿ ಒತ್ತಬಹುದು. ಆದರೆ ಆ ಒಪ್ಪಿಗೆ ಎದುರಿನವರಿಗೆ ಮುಟ್ಟಬೇಕಾದರೆ, ಫೋನ್ ನಂಬರು ಸಿಗಬೇಕಾದರೆ, ಮೂರು ತಿಂಗಳಿಗೆ ಇಷ್ಟೆಂದು ದುಡ್ಡು ಕಟ್ಟಬೇಕು. ಫೋಟೋಗಳು ಇರುವುದು ಯಾವುದೋ ದೇಶದ ಕಂಪ್ಯೂಟರಿನಲ್ಲಂತೆ, ಅದಕ್ಕೆ ತಿಂಗಳ ಬಾಡಿಗೆ. ಮೆಸೇಜು ಹೋದರೆ ಅದಕ್ಕೂ ದುಡ್ಡು. ಇವೆಲ್ಲ ಎಲ್ಲಿಂದ ಬರಬೇಕು? ನ್ಯಾಯವಾಗಿಯೇ ಕಂಡಿತು. ಮೊದಲ ವರ್ಷ ಹಿಗ್ಗಿನಲ್ಲೇ ಕಳೆಯಿತು. ತಮ್ಮನಂತೂ ಟೈಪಿಂಗ್ ಅಂಗಡಿ ಮುಚ್ಚಿ, ಅದೇ ಮಳಿಗೆಯಲ್ಲಿ ಪೂರ್ತಿ ಇದಕ್ಕೇ ಕೂತ.

ಎರಡನೆಯ ವರ್ಷ ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಹೇಳಿದ:

"ಅಕ್ಕ, ನಮ್ ಧಂದೆಯಾಗೆ ಒಂದು ತಮಾಷೆ ಐತೆ ನೋಡು."

"ಏನಪ ಅದು?"

"ಕಿರಾಣಿ ಅಂಗಡಿಯೋನು ಒಳ್ಳೆ ಅಕ್ಕಿ ಕೊಟ್ರೆ ಗಿರಾಕಿ ಮತ್ತೆ ಬರ್ತಾನೆ. ನಾವು ಒಳ್ಳೆ ಹೆಣ್ಣು ತೋರಿಸಿದ್ರೆ ಗಿರಾಕಿ ಮತ್ತೆ ಬರಲ್ಲ. ಅಕಸ್ಮಾತ್ ಬಂದ ಅಂದ್ರೆ ಅದು ಕೆಟ್ಟ ಸುದ್ದಿ."

ನಕ್ಕೆವು. ಆದರೆ ಅವನು ನಗುವುದಕ್ಕೆ ಹೇಳಿರಲಿಲ್ಲ. ತಿಂಗಳೊಳಗೆ ಸಂಬಂಧ ಕುದುರಿದವರು ಎರಡನೆಯ ಸಲ ದುಡ್ಡು ಕಟ್ಟುವುದಿಲ್ಲ. ಅಲೆದಾಡುವವರು ಕಟ್ಟುತ್ತಾರೆ. ನಾವು ಬದುಕುವುದು ಅಲೆದಾಡುವವರಿಂದ. ಅದಕ್ಕೆ ಅವನ ಬಳಿ ಎರಡು ಉಪಾಯ ಇದ್ದವು. ಒಂದು, ಚೆನ್ನಾಗಿ ಹೊಂದುವವರನ್ನು ಒಮ್ಮೆಲೇ ತೋರಿಸದೆ ನಿಧಾನಕ್ಕೆ, ವಾರಕ್ಕೊಬ್ಬರಂತೆ ತೋರಿಸುವುದು. ಇನ್ನೊಂದು, ಗೋಲ್ಡ್ ಪ್ಯಾಕ್. ಹೆಚ್ಚು ದುಡ್ಡು ಕಟ್ಟಿದವರ ಹೆಸರು ಎಲ್ಲರಿಗಿಂತ ಮೇಲೆ ಕಾಣುತ್ತದೆ, ಅವರ 'ಹೊಂದಾಣಿಕೆ' ಎಂಬ ಅಂಕವೂ ಒಂದಿಷ್ಟು ಏರುತ್ತದೆ.

ಮೊದಲನೆಯದಕ್ಕೆ ನಾನು ಚಹಾದ ಲೋಟ ಕುಕ್ಕಿ ಬೇಡವೆಂದೆ. "ವಯಸ್ಸಿಗೆ ಬಂದ ಮಕ್ಕಳ್ನ ಕಾಯಿಸಿ ದುಡ್ಡು ಮಾಡೋದೇನಲೇ" ಎಂದು ಬೈದೆ. ಅದನ್ನು ಬೇಡವೆಂದ ಸಮಾಧಾನದಲ್ಲಿ ಎರಡನೆಯದಕ್ಕೆ ಹೂಂ ಅಂದುಬಿಟ್ಟೆ. ಮನುಷ್ಯರು ಹೀಗೆಯೇ. ದೊಡ್ಡ ತಪ್ಪೊಂದನ್ನು ತಡೆದ ಮೇಲೆ ಸಣ್ಣದೊಂದಕ್ಕೆ ಹಕ್ಕು ಬಂದಂತೆ ಆಡುತ್ತೇವೆ. "ಬಸ್ಸಿನಾಗೆ ಮುಂದಿನ ಸೀಟು ಕೊಟ್ಟಂಗೆ ಅಕ್ಕ, ಊರು ಬ್ಯಾರೆ ಆಗಲ್ಲ" ಎಂದ ತಮ್ಮ. ನನಗೂ ಹಾಗೇ ಅನ್ನಿಸಿತು.

ಮೂರನೆಯ ವರ್ಷದ ಒಂದು ಮಂಗಳವಾರ ಮಧ್ಯಾಹ್ನ ಆ ಹುಡುಗಿ ಬಂದಳು. ಹುಡುಗಿ ಎಂದರೂ ಮೂವತ್ಮೂರು ವರ್ಷ. ಮನೆ ಕೂಡ್ಲಿಗಿಯಲ್ಲಿ, ಕೆಲಸ ಕೊಟ್ಟೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ಕೇಳಿದಳು.

"ಅಕ್ಕಾರ, ಆ ಮದುವಿ ಆ್ಯಪಿನೋರು ನೀವೇ ಅಲ್ರಿ?"

"ಹೌದವ್ವ. ಬಾ, ಕೂಡು."

"ಕೂಡಂಗಿಲ್ರಿ. ಮೂರೂವರಿ ಬಸ್ಸಿಗೆ ಹೋಗಬೇಕು. ಒಂದು ಮಾತು ಕೇಳಿ ಹೋಗ್ತೀನಿ." ಆದರೂ ಕೂತಳು. "ಹೋದ ವಾರ ಒಬ್ಬರು ಜ್ವರ ಅಂತ ಲ್ಯಾಬಿಗೆ ಬಂದಿದ್ರು. ತೋಳಿಗೆ ರಬ್ಬರ್ ಕಟ್ಟಿ ನರ ಹುಡುಕಾಕತ್ತಿದ್ದೆ. ನನ್ನ ಮುಖಾನೇ ನೋಡಾಕತ್ತಿದ್ರು. ಏನ್ರಿ ಅಂದೆ. 'ನಿಮಗೆ ಒಪ್ಪಿಗಿ ಒತ್ತಿ ಏಳು ತಿಂಗಳಾತ್ರಿ. ನೀವು ಹೂಂ ಅನಲಿಲ್ಲ, ಉಹೂಂ ಅನಲಿಲ್ಲ' ಅಂದ್ರು. ನಾನು ಸೂಜಿ ಹಿಡ್ಕೊಂಡು ನಿಂತೀನಿ. ಇವರು ಯಾರಂತ ನನಗೆ ಗೊತ್ತೇ ಇಲ್ಲ."

"ಆಮ್ಯಾಲೆ?"

"ಆಮ್ಯಾಲೇನ್ರಿ, ರಕ್ತ ತಗೊಂಡೆ. ಟೈಫಾಯ್ಡ್ ಇದ್ದಿದ್ದಿಲ್ಲ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಕೋಗಳಿಯೋರಂತ. ಕೊಟ್ಟೂರಾಗ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಮಾಡ್ತಾರಂತ. ಅವರ್ನ ನೀವು ನನಗೆ ಯಾಕ ತೋರಿಸ್ಲಿಲ್ಲ?"

ಯಾಕೆ ಎಂಬುದು ನನಗೆ ಗೊತ್ತಿತ್ತು. ಅವನು ದುಡ್ಡು ಕಟ್ಟಿರಲಿಲ್ಲ, ಅವನ ಒಪ್ಪಿಗೆ ಇವಳಿಗೆ ಮುಟ್ಟಿರಲಿಲ್ಲ, ಹೆಸರು ಗೋಲ್ಡಿನವರ ಕೆಳಗೆಲ್ಲೋ ಬಿದ್ದಿತ್ತು. ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದೆ. ಅಷ್ಟರಲ್ಲಿ ಅವಳು ಮುಂದಿನ ಮಾತಿಗೆ ಹೋಗಿದ್ದಳು, ಅವಳು ಬಂದದ್ದೇ ಅದಕ್ಕೆ. ತೆಲಿಗಿ ಕಡೆಯ ಒಂದು ಸಂಬಂಧ ಆ್ಯಪಿನಲ್ಲೇ ಬಂದಿತ್ತು. ಹೊಂದಾಣಿಕೆ ತೊಂಬತ್ನಾಲ್ಕು. ಗುರುವಾರ ಅವರು ಮಾತು ಮುಗಿಸಿ, ನಿಶ್ಚಯದ ಸಕ್ಕರೆ ತಿನ್ನಿಸಲು ಬರುವವರಿದ್ದರು. ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದು ಫೋನಿನಲ್ಲಿ ಹೇಳಿಯಾಗಿತ್ತು.

"ಫಾರಂ ತುಂಬುವಾಗ ನೀವೇ ಕೇಳೀರಿ, ಮದುವಿ ಆದ ಮ್ಯಾಲೆ ಕೆಲಸ ಮಾಡ್ತೀರೇನು ಅಂತ. ಮಾಡ್ತೀನಿ ಅಂತ ಬರ್ದೀನಿ. ಅವರು ಬ್ಯಾಡ ಅಂತ ಬರ್ದಾರ. ಮತ್ತ ತೊಂಬತ್ನಾಕು ಹೆಂಗ ಬಂತ್ರಿ? ಹನ್ನೊಂದು ವರ್ಷ ಆತು ನಾ ಈ ಕೆಲಸ ಮಾಡಾಕತ್ತಿ. ಕೂಸುಗಳ ನರ ಸಿಗಲಿಲ್ಲಂದ್ರ ದವಾಖಾನಿ ನರ್ಸಮ್ಮಾರು ನನ್ನ ಕರೀತಾರ. ಅದನ್ನ ಬಿಟ್ಟು ತೆಲಿಗ್ಯಾಗ ಕುಂತು ಏನು ಮಾಡ್ಲಿ?"

"ನಿಮ್ಮವ್ವಗ ಹೇಳಲಿಲ್ಲೇನು?"

"ಹೇಳೀನಿ. ಆಕಿ ಏನಂತಾಳ ಗೊತ್ತೇನ್ರಿ? ನನ್ನ ಮದುವಿ ಮಾಡಿಸಿದಾಕಿ ಮೊಮ್ಮಗಳು ತೊಂಬತ್ನಾಕು ಹಾಕ್ಯಾಳ, ನಿನಗಿಂತ ಆಕಿಗೆ ತಿಳೀತೈತಿ, ಸುಮ್ಮನ ಒಪ್ಕೋ ಅಂತಾಳ."

ಬಸ್ಸಿನ ಹಾರ್ನ್ ಕೇಳಿ ಎದ್ದು ಹೋದಳು. "ನೋಡಿ ಹೇಳ್ತೀನವ್ವ" ಎಂದಷ್ಟೇ ನನ್ನ ಬಾಯಿಂದ ಬಂದದ್ದು.

ತಮ್ಮನನ್ನು ಕರೆದು ಲೆಕ್ಕ ತೆಗೆಸಿದೆ. ಗೋಲ್ಡ್ ಪ್ಯಾಕಿನ ಅಂಕ ಕಳೆದರೆ ತೆಲಿಗಿಯವರದು ನಲವತ್ತೊಂದು. ಕೋಗಳಿಯವನದು ಎಂಬತ್ತೆಂಟು. ಒಂದಿಷ್ಟು ಏರಿಸುತ್ತೇವೆ ಎಂದುಕೊಂಡದ್ದು ಇಷ್ಟು ಏರಿತ್ತು. ಕೆಲಸದ ಬಗ್ಗೆ ಇಬ್ಬರೂ ಬರೆದ ಉತ್ತರವನ್ನು ಆ ದುಡ್ಡು ನುಂಗಿಹಾಕಿತ್ತು. ಮುಂದಿನ ಸೀಟು ಕೊಟ್ಟಿದ್ದೇವೆ ಎಂದುಕೊಂಡಿದ್ದೆವು. ಕೊಟ್ಟದ್ದು ಬೇರೆ ಊರಿನ ಬಸ್ಸು.

"ತೆಗಿ ಇದನ್ನ. ಇವತ್ತೇ ತೆಗಿ" ಅಂದೆ.

"ಗೋಲ್ಡ್ ಕಟ್ಟಿರೋರು ಇಪ್ಪತ್ತು ಜನ ಅದಾರಕ್ಕ. ನಂಬರ್ ಇಳಿಸಿದ್ರೆ ನಾಳೆ ಅಷ್ಟೂ ಜನ ಬಾಗ್ಲಿಗೆ ಬರ್ತಾರೆ."

"ಬರ್ಲಿ. ಚಾ ಕುಡಿಸಿ ಹೇಳ್ತೀನಿ."

"ಆಮೇಲೆ ಚಾಕ್ಕೂ ದುಡ್ಡಿರಲ್ಲ. ನಿನಗೇನು, ಜೆರಾಕ್ಸ್ ಐತೆ. ನಾನು ಅಂಗಡಿ ಮುಚ್ಚಿ ಬಂದೀನಿ."

ಅವನು ಕೆಟ್ಟವನಲ್ಲ. ಮಕ್ಕಳ ಫೀಜು ಈ ಆ್ಯಪಿನಿಂದಲೇ ಬರಬೇಕು. ಜಗಳವನ್ನು ಅಲ್ಲಿಗೇ ಬಿಟ್ಟೆ. ಆದರೆ ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ ಕೂಡ್ಲಿಗಿ ಬಸ್ಸು ಹತ್ತಿದೆ.

ತಾಲೂಕು ಕಚೇರಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಹುಡುಗಿ ಅರ್ಧ ದಿನದ ಕೆಲಸಕ್ಕೆ ಹೋಗಿದ್ದಳು. ತಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಈಳಿಗೆಮಣೆ ಹಾಕಿಕೊಂಡು, ಬರುವವರಿಗೆ ಒಗ್ಗರಣೆ ಮಂಡಕ್ಕಿ ಮಾಡಲು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಅರವತ್ತು ದಾಟಿದವರು, ಗಂಡ ತೀರಿಕೊಂಡು ಆರು ವರ್ಷವಾಗಿತ್ತು.

"ಬಾರವ್ವ ತಂಗಿ. ನೀ ಬಂದಿದ್ದು ಛಲೋ ಆತು. ನಡುವಿನಾಕಿ ಇಲ್ದ ಮಾತು ಹೆಂಗ ಮುಗಿಸೋದು ಅಂತಿದ್ದೆ."

ಮಳೆ ಕೇಳಲಿಲ್ಲ, ಎಮ್ಮೆ ಕೇಳಲಿಲ್ಲ. ನೇರವಾಗಿ ಹೇಳಿಬಿಟ್ಟೆ. "ಅಕ್ಕಾ, ಆ ತೊಂಬತ್ನಾಕು ಖರೇ ಅಲ್ಲ. ಅವರು ದುಡ್ಡು ಕಟ್ಯಾರ, ಅದಕ್ಕ ಏರೈತಿ. ಖರೇ ನೋಡಿದ್ರ ನಲವತ್ತೊಂದು."

ಈಳಿಗೆಯ ಮೇಲೆ ಅವರ ಕೈ ನಿಂತಿತು.

"ಅಂದ್ರ? ಮಾರ್ಕು ಮಾರೀರೇನು?"

"ಹೂಂ ಅಕ್ಕಾ."

ಅವರು ಹೆಚ್ಚಿದ ಉಳ್ಳಾಗಡ್ಡಿಯನ್ನು ಬುಟ್ಟಿಗೆ ಹಾಕಿದರು, ಸೆರಗಿನಿಂದ ಕಣ್ಣು ಒರೆಸಿದರು. ಅದು ಉಳ್ಳಾಗಡ್ಡಿಯದೋ ನನ್ನ ಮಾತಿನದೋ ಗೊತ್ತಾಗಲಿಲ್ಲ.

"ನಿಮ್ಮಜ್ಜಿ ನನ್ನ ಮದುವಿ ಮಾಡಿಸಿದಾಗ ನಮ್ಮಪ್ಪನ ಮುಂದ ಕುಂತು ಏನಂದಿದ್ಲು, ನಿನಗೆ ಗೊತ್ತೈತೇನು?"

ಗೊತ್ತಿರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಅಜ್ಜಿ ನನ್ನನ್ನು ಹೊರಗೆ ಆಡಿಕೊಳ್ಳಲು ಕಳಿಸಿಬಿಡುತ್ತಿದ್ದಳು. ಒಳಗೆ ಏನು ಹೇಳುತ್ತಿದ್ದಳು ಎಂಬುದನ್ನು ನಾನು ಯಾವತ್ತೂ ಕೇಳಿಸಿಕೊಂಡಿಲ್ಲ.

"'ಗಂಡು ದುಡೀತಾನ, ಕುಡಿಯಂಗಿಲ್ಲ. ಆದ್ರ ಸಿಟ್ಟು ಬಂದ್ರ ಎರಡು ದಿನ ಉಣ್ಣಂಗಿಲ್ಲ, ಮಾತಾಡಂಗಿಲ್ಲ. ನಿಮ್ಮ ಹುಡುಗಿಗೆ ತಡಕೊಳ್ಳಾಕ ಆಗ್ತಿದ್ರ ಕೊಡ್ರಿ' ಅಂದ್ಲು. ಹಂಗೇ ಅವರ ಮನಿಗೆ ಹೋಗಿ ನಂದೂ ಹೇಳ್ಯಾಳ. ಹುಡುಗಿ ಬಾಯಿ ಜೋರು, ರೊಟ್ಟಿ ದಪ್ಪ ಅಂತ. ಎರಡೂ ಮನ್ಯಾಗ ಕುಂದು ಹೇಳದ ಆಕಿ ಸಕ್ರಿ ಮುಟ್ಟಗೊಡ್ತಿದ್ದಿಲ್ಲ." ಈಳಿಗೆಮಣೆ ಪಕ್ಕಕ್ಕೆ ಸರಿಸಿದರು. "ಆತ ಸಿಟ್ಟಾಗಿ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದಾಗೆಲ್ಲ ಅಂದ್ಕೊಂತಿದ್ದೆ, ಗೊತ್ತಿದ್ದೇ ಬಂದೀನಿ, ಯಾರೂ ಮೋಸ ಮಾಡಿಲ್ಲ ಅಂತ. ಹಂಗಂತ ಬಾಳೇವು ಮಾಡಿದೆ. ನೀವು ಕುಂದು ಮುಚ್ಚಾಕ ದುಡ್ಡು ತಗೊಂತೀರಿ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

"ಈಗ ಬರೋರಿಗೆ ಏನು ಹೇಳ್ತೀ?"

"ಇದನ್ನೇ ಹೇಳ್ತೀನಿ ಅಕ್ಕಾ. ಅವರ ಮುಂದೂ ಹೇಳ್ತೀನಿ."

"ಹೇಳು. ಆದ್ರ ಅವರು ಒಗ್ಗರಣಿ ತಿಂದ ಮ್ಯಾಲೆ ಹೇಳು. ಮನಿಗೆ ಬಂದೋರನ್ನ ಉಪವಾಸ ಕಳಿಸಬ್ಯಾಡ."

ತೆಲಿಗಿಯವರು ಮಧ್ಯಾಹ್ನ ಎರಡಕ್ಕೆ ಬಂದರು. ಮೂವತ್ತೆಂಟರ ಗಂಡು, ಜೊತೆಗೆ ಅವನ ಅಕ್ಕ. ಶುಭ್ರವಾದ ಅಂಗಿ, ತೂಕದ ಮಾತು, ಎದ್ದು ನಿಂತು ಕೈಮುಗಿಯುವ ಸ್ವಭಾವ. ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದ ದುಡ್ಡಿನ ಸೊಕ್ಕಿನ ಮನುಷ್ಯ ಅವನಲ್ಲ. ಅಷ್ಟರಲ್ಲಿ ಹುಡುಗಿಯೂ ಕೆಲಸದಿಂದ ಬಂದು, ಮುಖ ತೊಳೆದು, ತಾಯಿಯ ಪಕ್ಕ ಕೂತಳು. ಒಗ್ಗರಣೆ ಮುಗಿಯಿತು, ಮೆಣಸಿನಕಾಯಿ ಬಜ್ಜಿ ಮುಗಿಯಿತು, ಚಹಾ ಬಂತು. ತಾಯಿ ನನ್ನನ್ನು ನೋಡಿದರು.

ಹೇಳಿದೆ. ಅಂಕ ಏರಿದ್ದು ಹೇಗೆ, ನಿಜವಾಗಿ ಇರುವುದೆಷ್ಟು, ಎರಡೂ ಕಡೆ ಎಲ್ಲಿ ಕೂಡುವುದಿಲ್ಲ ಎಂಬುದನ್ನು ಒಂದೂ ಬಿಡದೆ ಹೇಳಿದೆ. ಅವನ ಅಕ್ಕನ ಮುಖ ಕೆಂಪಾಯಿತು. ಅವನು ಮಾತ್ರ ಲೋಟ ಕೆಳಗಿಟ್ಟು ಮೆಲ್ಲಗೆ ನಗತೊಡಗಿದ.

"ನನಗೂ ಅನುಮಾನ ಬಂದಿತ್ತಮ್ಮ. ದುಡ್ಡು ಕಟ್ಟೋಕೆ ಮುಂಚೆ ನಾನು ಯಾರಿಗೂ ಹೊಂದ್ತಿರಲಿಲ್ಲ. ಕಟ್ಟಿದ ಮಾರನೇ ದಿನದಿಂದ ಎಲ್ಲರಿಗೂ ಹೊಂದಾಕೆ ಶುರು ಮಾಡಿದೆ. ಒಂದೇ ದಿನದಾಗೆ ಇಷ್ಟು ಒಳ್ಳೆಯೋನು ಹೆಂಗಾದೆ ಅಂತ ನಮ್ಮಕ್ಕನ್ನ ಕೇಳಿದ್ದೆ."

"ಏ, ಸುಮ್ನಿರೋ ನೀನು" ಎಂದಳು ಅಕ್ಕ.

ಅವನು ಹುಡುಗಿಯ ಕಡೆ ತಿರುಗಿದ. "ನೀವು ಕೆಲಸ ಬಿಡಲ್ಲ, ಅಲ್ವಾ?"

"ಬಿಡಂಗಿಲ್ರಿ" ಎಂದಳು. ಧ್ವನಿ ಸಣ್ಣದಿತ್ತು, ಆದರೆ ಅಲುಗಲಿಲ್ಲ.

"ನಮ್ಮ ತಾಯಿ ಹಾಸಿಗೆ ಹಿಡಿದಾರೆ. ಮನೆಯಾಗೆ ಇರೋರು ಬೇಕು. ಅದಕ್ಕೇ ಹಂಗೆ ಬರೆದದ್ದು, ಬ್ಯಾರೆ ಏನೂ ಇಲ್ಲ. ಇವತ್ತು ನಾನು ಒತ್ತಾಯ ಮಾಡಿದ್ರೆ ನೀವು ಹೂಂ ಅಂತೀರಿ, ನಾಳೆ ನಮ್ಮನೆಯಾಗೆ ಮುಖ ಸಣ್ಣ ಮಾಡ್ಕೊಂಡು ಕೂರ್ತೀರಿ. ಬ್ಯಾಡ." ಎದ್ದು ತಾಯಿಗೆ ಕೈಮುಗಿದ. ಬಾಗಿಲಲ್ಲಿ ನನಗೆ ಹೇಳಿದ: "ದುಡ್ಡು ವಾಪಸ್ ಕೇಳಲ್ಲಮ್ಮ. ಎಷ್ಟು ಹೊಂದ್ತೈತೋ ಅಷ್ಟೇ ಹಾಕ್ರಿ. ನಲವತ್ತಿದ್ರೆ ನಲವತ್ತು. ಇದು ನಾನು ಬಂದ ನಾಲ್ಕನೇ ಮನೆ. ಓಡಾಡೋ ಪೆಟ್ರೋಲಾದ್ರೂ ಉಳೀಲಿ."

ಅವರ ಕಾರು ಓಣಿ ದಾಟಿತು. ದುಡ್ಡು ಕಟ್ಟಿದವನಿಗೂ ನಾವು ಕೊಟ್ಟದ್ದು ಅಲೆದಾಟವನ್ನೇ ಎಂಬುದು ಆಗ ನನಗೆ ಹೊಳೆಯಿತು. ಕಟ್ಟದವನನ್ನು ಬಚ್ಚಿಟ್ಟೆವು, ಕಟ್ಟಿದವನನ್ನು ಅಲೆಸಿದೆವು, ನಡುವೆ ಈ ಹುಡುಗಿಯ ಹನ್ನೊಂದು ವರ್ಷದ ಕೆಲಸ ಕಳೆಯುವುದರಲ್ಲಿದ್ದೆವು. ಮೂವರಲ್ಲಿ ಒಬ್ಬರೂ ಖುಷಿಯಾಗಿರಲಿಲ್ಲ. ಇಂಥ ಧಂದೆ ಎಷ್ಟು ದಿನ ನಡೆದೀತು?

ತಾಯಿ ಖಾಲಿ ತಟ್ಟೆಗಳನ್ನು ಪೇರಿಸುತ್ತ ಕೇಳಿದರು. "ಖರೇನ ಹೆಚ್ಚು ಮಾರ್ಕಿನವರು ಯಾರೂ ಇಲ್ಲೇನು ಹಂಗಾದ್ರ?"

ನಾನು ಹುಡುಗಿಯನ್ನು ನೋಡಿದೆ. ಅವಳು ತಟ್ಟೆ ಹಿಡಿದು ಸರಸರನೆ ಒಳಗೆ ಹೋದಳು. ಕೋಗಳಿಯವನ ಪುಟ ತೆಗೆದು ತಾಯಿಯ ಕೈಗೆ ಫೋನ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. 'ಹೆಂಡತಿಯ ಕೆಲಸ' ಎಂಬಲ್ಲಿ ಅವನು ಬರೆದಿದ್ದ: 'ಅದು ಅವರಿಗೆ ಬಿಟ್ಟದ್ದು. ಅನ್ನ ಸಾರು ಮಾಡಲು ನನಗೆ ಬರುತ್ತದೆ.'

"ಇದು ಎಷ್ಟು?"

"ಎಂಬತ್ತೆಂಟು."

"ಇದರಾಗ ಕೊಂಡಿದ್ದೆಷ್ಟು?"

"ಒಂದೂ ಇಲ್ಲಕ್ಕಾ."

"ಹಂಗಾದ್ರ ಅವನ ಕುಂದು ತಿಳ್ಕೊಂಡು ಬಾ. ಆಮ್ಯಾಲೆ ಮಾತು."

ಮರುದಿನ ಕೊಟ್ಟೂರಿಗೆ ಹೋದೆ. ಸುಟ್ಟ ಮೋಟರುಗಳ ನಡುವೆ, ತಾಮ್ರದ ತಂತಿ ಸುತ್ತುತ್ತ ಕೂತಿದ್ದ. ನಾನು ಬಾಗಿಲಲ್ಲಿ ನಿಂತು ಎರಡು ಸಲ ಕರೆದರೂ ತಲೆ ಎತ್ತಲಿಲ್ಲ. ಪಕ್ಕದ ಅಂಗಡಿಯವರು "ಈ ಕಡಿ ಬಂದು ಕರೀರಿ, ಆ ಕಿವಿ ಕೇಳಂಗಿಲ್ಲ" ಎಂದರು. ಎಡಗಿವಿ ಚಿಕ್ಕಂದಿನಿಂದಲೇ ಕೇಳುವುದಿಲ್ಲ. ಬಯೋಡೇಟಾದಲ್ಲಿ ಅದನ್ನು ಬರೆದಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ತಂತಿ ಕೆಳಗಿಟ್ಟು ಹೇಳಿದ. "ಬರದ್ರ ಯಾರೂ ನೋಡಂಗಿಲ್ರಿ. ಭೆಟ್ಟಿ ಆದ ಮ್ಯಾಲೆ ಹೇಳಾನ ಅಂತಿದ್ದೆ." ನಾವು ಕುಂದಿಗೆ ಒಂದು ಜಾಗವನ್ನೇ ಇಟ್ಟಿರಲಿ‌ಲ್ಲ, ಇನ್ನು ಅವನನ್ನು ಏನೆಂದು ಬೈಯಲಿ?

ತಿರುಗಿ ಬಂದು ಕೂಡ್ಲಿಗಿಯಲ್ಲಿ ಹೇಳಿದೆ. ತಾಯಿ ಮಗಳ ಮುಖ ನೋಡಿದರು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು.

"ನನಗೆ ಗೊತ್ತೈತಿ. ಲ್ಯಾಬಿನಾಗ ಹೆಸರು ಏನ್ರಿ ಅಂತ ಎರಡು ಸಲ ಕೇಳಿದೆ, ಹೇಳಲಿಲ್ಲ. ಈ ಕಡಿ ಬಂದು ಕೇಳಿದೆ, ಹೇಳಿದ್ರು. ನಾ ಯಾವಾಗ್ಲೂ ಈ ಕಡೀನೇ ಕೂಡ್ತೀನಿ, ಆತಲ್ಲ" ಎಂದಳು.

"ನೋಡವ್ವ" ಎಂದರು ತಾಯಿ ನನಗೆ, "ಕುಂಡ್ರೋ ಜಾಗಾನೂ ಗೊತ್ತು ಮಾಡ್ಕೊಂಡಾಳ. ಇನ್ನು ನಮ್ಮದೇನೈತಿ?" ಆಮೇಲೆ ಮಗಳಿಗೆ ಕೇಳುವಂತೆಯೇ ಅವಳ ಕುಂದನ್ನೂ ನನಗೆ ಒಪ್ಪಿಸಿದರು. ಮುಂಜಾನೆ ಚಹಾ ಕುಡಿಯುವ ತನಕ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸಬಾರದು. ಅದನ್ನು ಕೊಟ್ಟೂರಿಗೆ ಮುಟ್ಟಿಸಿದೆ. "ನನಗೆ ಅರ್ಧ ಕೇಳಂಗಿಲ್ಲ ಬಿಡ್ರಿ" ಎಂದು ನಕ್ಕ ಆತ.

ಅದೇ ತಿಂಗಳು ಸಕ್ಕರೆ ತಿಂದರು. ಮದುವೆಯ ರಜೆ ಮುಗಿದ ಮರುದಿನ ಅವಳು ಲ್ಯಾಬಿಗೆ ಹೋದಳು. ಇಂದಿಗೂ ಹೋಗುತ್ತಾಳೆ.

ಇನ್ನು ನಮ್ಮ ಆ್ಯಪಿನ ಕಥೆ. ಕೂಡ್ಲಿಗಿಯಿಂದ ಬಂದ ದಿನ ತಮ್ಮನಿಗೆ ಎಲ್ಲ ಹೇಳಿದೆ. ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಕೂತು ಇಪ್ಪತ್ತೂ ಜನಕ್ಕೆ ಫೋನ್ ಮಾಡಿ, ನಾಳೆಯಿಂದ ನಿಮ್ಮ ಅಂಕ ಇಳಿಯುತ್ತದೆ ಎಂದು ತಿಳಿಸಿದ. ಬೈಸಿಕೊಂಡ. ಕೆಲವರು ದುಡ್ಡು ವಾಪಸ್ ಕೇಳಿದರು, ಕೊಟ್ಟೆವು. ತೆಲಿಗಿಯವರಂತೆ ಕೆಲವರು ಹಾಗೆಯೇ ಉಳಿದರು. ಮೂರು ತಿಂಗಳು ಜೆರಾಕ್ಸ್ ದುಡ್ಡಿನಲ್ಲೇ ಎರಡೂ ಮಳಿಗೆಯ ಬಾಡಿಗೆ ಕಟ್ಟಿದೆ.

ಆಮೇಲೆ ಅವನೇ ಹೊಸ ಏರ್ಪಾಡು ಹುಡುಕಿದ. ಅವನ ತಲೆ ಯಾವಾಗಲೂ ಚುರುಕು, ನಾನು ಅದನ್ನು ಬೇರೆ ಕಡೆ ತಿರುಗಿಸಬೇಕಿತ್ತು ಅಷ್ಟೇ. ಈಗ ಇಬ್ಬರೂ ಒಪ್ಪಿಗೆ ಒತ್ತಿದರೆ ಫೋನ್ ನಂಬರು ಪುಕ್ಕಟೆ. ಸಂಬಂಧ ಗಟ್ಟಿಯಾದ ಮೇಲೆ ಎರಡು ಮನೆಯವರೂ ಒಂದೊಂದು ಸೀರೆಯ ದುಡ್ಡು ಕೊಡಬೇಕು. ಕೊಡದೆ ತಪ್ಪಿಸಿಕೊಳ್ಳುವವರು ಇದ್ದಾರೆ. ಗಟ್ಟಿಯಾದ ಸುದ್ದಿ ಹೊರಗೆ ಬಿದ್ದರೆ ಯಾರಾದರೂ ಕೆಡಿಸುತ್ತಾರೆಂಬ ಭಯ ನಮ್ಮ ಜನಕ್ಕೆ, ಅದಕ್ಕೆ ಮುಚ್ಚಿಡುತ್ತಾರೆ. ಬಸ್ಸಿನಲ್ಲಿ ಹೋಗುವಾಗ ಚಪ್ಪರ ಕಂಡು ನಮಗೆ ತಿಳಿದದ್ದೂ ಉಂಟು. ಆದರೆ ಕೊಡುವವರೇ ಹೆಚ್ಚು, ಕೆಲವರು ಸೀರೆಯನ್ನೇ ತರುತ್ತಾರೆ. ಜೊತೆಗೆ ಅಡುಗೆಯವರು, ಶಾಮಿಯಾನದವರು, ಫೋಟೋದವರು ತಮ್ಮ ಹೆಸರು ಬೇರೆ ಪುಟದಲ್ಲಿ ಹಾಕಿಸಲು ದುಡ್ಡು ಕಟ್ಟುತ್ತಾರೆ. ಅಲ್ಲಿ ಒಂದೇ ಕಟ್ಟಳೆ: ಮದುವೆ ಮನೆಯವರು ಅವರಿಗೆ ಫೋನ್ ಮಾಡಬಹುದು, ಅವರು ಮಾಡುವಂತಿಲ್ಲ. ಫೋಟೋದವನೊಬ್ಬ ಗಟ್ಟಿಯಾದ ಮನೆಗಳ ನಂಬರಿನ ಪಟ್ಟಿ ಕೊಟ್ಟರೆ ಒಳ್ಳೆಯ ದುಡ್ಡು ಕೊಡುತ್ತೇನೆಂದ. ಈ ಸಲ ನನ್ನನ್ನು ಕೇಳದೆಯೇ ತಮ್ಮ ಬೇಡವೆಂದ. ಹಳೆಯ ಗೋಲ್ಡ್ ಪ್ಯಾಕಿನಷ್ಟು ಇನ್ನೂ ಬರುವುದಿಲ್ಲ, ಆದರೆ ಅವನ ಮಕ್ಕಳ ಫೀಜಿಗೆ ತೊಂದರೆಯಿಲ್ಲ. ದುಡ್ಡು ಮಾಡುವುದೂ ಬಂದವರನ್ನು ಚೆನ್ನಾಗಿ ನೋಡಿಕೊಳ್ಳುವುದೂ ಒಟ್ಟಿಗೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆಗುತ್ತದೆ, ದುಡ್ಡು ಯಾವ ಬಾಗಿಲಿನಿಂದ ಬರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಫಾರಂನ ಕೊನೆಯಲ್ಲಿ ಕುಂದಿನ ಕಾಲಂ ಒಂದನ್ನು ಸೇರಿಸಿದೆವು. ಅದನ್ನು ತುಂಬದೆ ಹೆಸರು ಆ್ಯಪಿಗೆ ಸೇರುವುದಿಲ್ಲ. ಮೊದಮೊದಲು ಎಲ್ಲರೂ 'ಏನೂ ಇಲ್ಲ' ಎಂದೇ ಬರೆದರು. 'ಅತಿ ಒಳ್ಳೆಯತನ' ಎಂದೂ ಒಬ್ಬ ಬರೆದ. ಈಗೀಗ ನಿಜ ಬರೆಯುತ್ತಾರೆ.

ಕೂಡ್ಲಿಗಿಯ ಹುಡುಗಿ ಸಕ್ಕರೆ ತಿಂದ ದಿನವೇ ತನ್ನ ಪುಟವನ್ನೂ ಕೋಗಳಿಯವನ ಪುಟವನ್ನೂ ತೆಗೆಸಿದ್ದಳು. "ಎರಡು ಕಡಿಮೆ ಆದ್ವು ಅಕ್ಕ" ಎಂದಿದ್ದ ತಮ್ಮ, ಅಷ್ಟೇನೂ ಖುಷಿಯಿಲ್ಲದ ಧ್ವನಿಯಲ್ಲಿ. ವಾರ ಕಳೆದಿರಲಿಲ್ಲ, ನನ್ನ ಫೋನಿಗೆ ಏಳು ಬಯೋಡೇಟಾಗಳ ಫೋಟೋ ಬಂದವು. ಕಳಿಸಿದವರು ಆ ತಾಯಿ. ತಾಲೂಕು ಕಚೇರಿಯ ಹಿಂದಿನ ಓಣಿಯಲ್ಲಿ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಹಿಂದೆಯೇ ಅವರ ದನಿಯ ಮೆಸೇಜು ಬಂತು, ತಮ್ಮನಿಗೂ ಕೇಳಲೆಂದು ಜೋರಾಗಿ ಹಾಕಿದೆ.

"ತಂಗಿ, ಏಳೂ ಮಂದಿ ಕುಂದು ನಾನೇ ವಿಚಾರಿಸೀನಿ, ಅವರವ್ವಾರ ಮುಂದನ ಕುಂತು ಕೇಳೀನಿ. ಬರಕೋ. ಮೊದಲನೇದಾಕಿ ಸಾಲಿ ಕಲ್ತಿದ್ದು ಎಂಟನೇತ್ತ ತನಕ ಅಷ್ಟೇ, ಹತ್ತು ಅಂತ ಬರ್ದಾರ. ಎರಡನೇದಾಕಿಗೆ ದನ ಕಂಡ್ರ ಅಂಜಿಕಿ. ಮೂರನೇದಾಕಿದು ಬಾಯಿ ಜೋರು, ನನ್ನಂಗ. ಅದನ್ನ ದಪ್ಪ ಅಕ್ಷರದಾಗ ಹಾಕು."